ಹೊಳೆಬದಿ ಬಡಾವಣೆ ನಿವಾಸಿಗಳ ಗುಂಪು: ರಾತ್ರಿ ಟಿಪ್ಪರ್‌ಗಳ ವಿಷಯ

ತೋಟದಮನೆ, ಬೆಳಿಗ್ಗೆ 5:10
ಕಾವೇರಿ ಹೊಳೆಯಿಂದ ಕಲ್ಲು ಹೊರುವ ಟಿಪ್ಪರ್‌ಗಳ ಎರಡು ಗಂಟೆಗೆ ಶುರುವಾದ ಓಡಾಟ ಕೋಳಿ ಕೂಗಿದ ಮೇಲೂ ನಿಂತಿಲ್ಲ. ಗೋಡೆ ಅದುರಿದಾಗಲೆಲ್ಲ ನಮ್ಮ ಅತ್ತೆಯವರು ಎದ್ದು ಕೂರುತ್ತಿದ್ದರು. ಹೊಳೆಯ ಗುಂಡುಗಲ್ಲಿನಿಂದ ಸೋರಿದ ನೀರು ರಸ್ತೆಯುದ್ದಕ್ಕೂ ಇನ್ನೂ ಆರಿಲ್ಲ, ಬಂದು ನೋಡಿ. ಹೋದ ವರ್ಷ ಸಭೆ ಸೇರಿ ಕಾಫಿ ಕುಡಿದು ಎದ್ದುಹೋದವರು ಇವತ್ತಾದರೂ ಬಾಯಿ ಬಿಡುತ್ತೀರಾ?

ಮೂಲೆಮನೆ, 5:32
ಬಾಯಿ ಬಿಡಬೇಕಾದವರು ಹಿಂದಿನ ಸಮಿತಿಯವರು, ತಾಯಿ. ದಡಕ್ಕಿಳಿಯುವ ದಾರಿಯಲ್ಲಿ ಗಾಡಿಗಳನ್ನು ತಡೆಯುತ್ತಿದ್ದ ಸರಪಳಿಯನ್ನು ತೆಗೆಸಿದವರು ಯಾರೆಂದು ಎಲ್ಲರಿಗೂ ಗೊತ್ತಿದೆ.

ಮಾಜಿ ಕಾರ್ಯದರ್ಶಿ, 5:40
ತೆಗೆಸಿದ್ದು ಗಣಪತಿ ಬಿಡುವುದಕ್ಕೆ. ಮರಳಿ ಹಾಕಿಸುವ ಹೊಣೆ ಹೊತ್ತವರು ತಾವೇ. ನಡಾವಳಿ ಪುಸ್ತಕದಲ್ಲಿ ತಮ್ಮ ಸಹಿಯಿದೆ.

ಇಂಜಿನಿಯರ್ ರಾಯರು, 6:15
ಸರಪಳಿಯ ಮಾತು ಆಮೇಲಾಗಲಿ. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯಲ್ಲಿ ಸದ್ದಿನ ವಿಷಯವನ್ನಷ್ಟೇ ಬರೆದರೆ ಹಗಲು ಹೊತ್ತು ತೆಗೆಯಿರಿ ಎಂದು ನಾವೇ ಒಪ್ಪಿಕೊಟ್ಟಂತಾಗುತ್ತದೆ. ಹೊಳೆಯ ಪಾತ್ರದಲ್ಲಿ ತೋಡಿದ ಗುಂಡಿ ತೋಡಿದಲ್ಲೇ ನಿಲ್ಲುವುದಿಲ್ಲ: ಅದರ ಮೇಲಂಚಿನಲ್ಲಿ ಧುಮುಕುವ ನೀರು ತಳವನ್ನು ಕೊರೆಯುತ್ತ ಆ ಕೊರೆತವನ್ನು ಹೊಳೆ ಹರಿದುಬರುವ ದಿಕ್ಕಿಗೆ ಒಯ್ಯುತ್ತದೆ, ಹೊತ್ತು ತಂದ ಜಲ್ಲಿಯನ್ನೆಲ್ಲ ಗುಂಡಿಗೆ ಸುರಿದು ಬರಿಗೈಯಾದ ನೀರು ಮುಂದೆ ಸಿಕ್ಕ ದಡವನ್ನು ತಿನ್ನುತ್ತದೆ. ಬೇರೆ ಹೊಳೆಯಾದರೆ ಪ್ರವಾಹ ಒಂದಿಷ್ಟು ತುಂಬಿಕೊಟ್ಟೀತು. ಇಲ್ಲಿ 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಮೇಲಿನಿಂದ ಬರುವ ಜಲ್ಲಿಯನ್ನೂ ದಪ್ಪ ಮರಳನ್ನೂ ತಡೆದು ನಿಲ್ಲಿಸಿಕೊಳ್ಳುವುದರಿಂದ, ಶ್ರೀರಂಗಪಟ್ಟಣದ ಸುತ್ತ ತೆಗೆದ ಕಲ್ಲು ಹೆಚ್ಚುಕಡಿಮೆ ಹೋದಂತೆಯೇ. ತಳ ಇಳಿದರೆ ದಡದ ಬಾವಿಗಳ ನೀರೂ ಇಳಿಯುತ್ತದೆ, 1804ರ ವೆಲ್ಲೆಸ್ಲಿ ಸೇತುವೆಯಂಥವುಗಳ ಕಂಬದ ಬುಡವೂ ಬಯಲಾಗುವ ಭಯವಿದೆ. ನಂಬಿಕೆಯಿಲ್ಲದವರು ನಮ್ಮ ಸೋಪಾನದ ಕಡೆಯ ಮೆಟ್ಟಿಲಿನ ಕೆಳಗೆ ಕೈಯಾಡಿಸಲಿ; ಮಣ್ಣಿರಬೇಕಾದಲ್ಲಿ ಮೊಣಕೈವರೆಗೆ ಪೊಳ್ಳು, ಪಕ್ಕದ ಹೊಳೆಮತ್ತಿ ಮರದ ಬೇರುಗಳು ಗಾಳಿಯಲ್ಲಿವೆ.

ಮೂಲೆಮನೆ, 6:21
ರಾಯರ ಮೇಲಂತಸ್ತು ಎದ್ದದ್ದು ಯಾವ ಹೊಳೆಯ ಮರಳಿನಲ್ಲಿ ಎಂದು ಕೇಳಬಹುದೇ?

ಇಂಜಿನಿಯರ್ ರಾಯರು, 6:24
ಹೊಳೆಯದ್ದಲ್ಲ, ಕಲ್ಲು ಪುಡಿಮಾಡಿದ ಎಂ-ಸ್ಯಾಂಡಿನಲ್ಲಿ. ರಸೀದಿ ಇದೆ.

ಮೂಲೆಮನೆ, 6:25
ರಸೀದಿ ಯಾರು ಬೇಕಾದರೂ ಬರೆದುಕೊಡುತ್ತಾರೆ.

ಬೇಕರಿ ಪಕ್ಕದ ಮನೆ, 6:50
*ಫಾರ್ವರ್ಡ್ ಮಾಡಲಾಗಿದೆ:* ಕಾವೇರಮ್ಮನನ್ನು ನೆನೆದು ಈ ಸಂದೇಶವನ್ನು ಹನ್ನೊಂದು ಮಂದಿಗೆ ಕಳುಹಿಸಿದರೆ ಸಂಜೆಯೊಳಗೆ ಶುಭವಾರ್ತೆ ಬರುತ್ತದೆ.

ಮಹಡಿಮನೆ, 6:52
ಹನ್ನೊಂದರಲ್ಲಿ ಟಿಪ್ಪರ್ ಮಾಲೀಕರನ್ನೂ ಸೇರಿಸಿಕೊಳ್ಳಿ.

ವಕೀಲರು, 7:30
2012ರ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಉಪಖನಿಜ (ಮರಳು, ಕಲ್ಲಿನಂಥವು) ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಹೇಳಿದೆ. ಕೇಂದ್ರದ 2016 ಮತ್ತು 2020ರ ಮಾರ್ಗಸೂಚಿಗಳು ಜಿಲ್ಲಾ ಸಮೀಕ್ಷಾ ವರದಿಯನ್ನೂ, ತೆಗೆದಷ್ಟನ್ನು ಹೊಳೆ ಮರಳಿ ತುಂಬಿಕೊಳ್ಳುತ್ತದೆಯೇ ಎಂಬ ಅಧ್ಯಯನವನ್ನೂ ಕೇಳುತ್ತವೆ. ಆದ್ದರಿಂದ ಅನುಮತಿಯಿದ್ದರೆ ಅದರ ಪ್ರತಿ, ನಿಗದಿಯಾದ ಗಡಿ ಮತ್ತು ಆಳ, ಲಾರಿಗಳ ಸಾಗಣೆ ಪರ್ಮಿಟ್ಟು ಇವುಗಳನ್ನು ಜಿಲ್ಲಾಧಿಕಾರಿಗಳಲ್ಲಿ ಲಿಖಿತವಾಗಿ ಕೇಳೋಣ. ರಂಗನತಿಟ್ಟು 2022ರಿಂದ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿರುವುದನ್ನೂ ಸೇರಿಸೋಣ. ಹತ್ತು ಸಹಿಗಳಾದರೂ ಬೇಕು.

ಇಂಜಿನಿಯರ್ ರಾಯರು, 7:41
ಅದರ ಜೊತೆಗೆ ಮಳೆಗಾಲಕ್ಕೆ ಮುಂಚೆ ಮತ್ತು ನಂತರ ಗುರುತು ಹಾಕಿದ ಅದೇ ಜಾಗಗಳಲ್ಲಿ ದಡದಿಂದ ದಡಕ್ಕೆ ತಳದ ಅಳತೆ ತೆಗೆಯಬೇಕು. ಟೇಪು ಹಿಡಿಯಲು ಯಾರಾದರೂ ಬರುತ್ತೀರಾ?

ಮೂಲೆಮನೆ, 9:05
ಸಹಿ ಹಾಕಿದವರ ಹೆಸರು ಸಂಜೆಯೊಳಗೆ ಟಿಪ್ಪರಿನವರ ಕೈ ಸೇರುತ್ತದೆ, ಆಗ ಗೇಟಿನ ಮುಂದೆ ಬಂದು ನಿಂತವರಿಗೆ ವಕೀಲರು ಉತ್ತರ ಕೊಡುತ್ತಾರೆಯೇ? ಮೊದಲು ರಸ್ತೆಗೆ ಎರಡು ಹಂಪ್ ಹಾಕಿಸಿ, ವೇಗ ತಾನಾಗಿ ತಗ್ಗುತ್ತದೆ.

ಮಹಡಿಮನೆ, 9:08
ಇದು ಆಗುವ ಮಾತು. ಹಂಪಿನ ಅರ್ಜಿಗಾದರೆ ನನ್ನ ಸಹಿ ಇದೆ.

ಬೇಕರಿ ಪಕ್ಕದ ಮನೆ, 9:09
ನಮ್ಮದೂ ಇದೆ.

ತೋಟದಮನೆ, 9:20
ಹಂಪ್ ಹತ್ತಿಳಿಯುವ ತುಂಬಿದ ಟಿಪ್ಪರಿಗೆ ಗೋಡೆ ಇನ್ನೂ ಜೋರಾಗಿ ಅದುರುವುದಿಲ್ಲವೇ? ಹೊಳೆಯ ಮನವಿ ಏನಾಯಿತು?

ಅಧ್ಯಕ್ಷರು, 11:00
ಭಾನುವಾರ ಸಂಜೆ ಸಭೆಯಿದೆ. ವಿಷಯ: ಹಂಪ್ ಹಾಕಿಸುವ ಸ್ಥಳದ ಆಯ್ಕೆ. ಸಮಯ ಉಳಿದರೆ ಹೊಳೆಯ ಮನವಿಯನ್ನೂ ಚರ್ಚಿಸಲಾಗುವುದು.

ಮೂಲೆಮನೆ, 11:02
ನಮ್ಮ ಗೇಟಿನ ಎದುರಿಗೆ ಮಾತ್ರ ಬೇಡ.