ಅಪ್‌ಡೇಟ್: ಕೈಕೊಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಿಂದ ಫೋಟೊಗಳು ಸಿಕ್ಕವು

ಹಾರ್ಡ್ ಡಿಸ್ಕ್ ಜೋಡಿಸಿದರೆ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳುತ್ತಿದೆ, ಒಳಗಿನ ಫೋಟೊ ಉಳಿಸುವುದು ಹೇಗೆ ಎಂದು ಕೇಳಿದ್ದೆ. ಬಹುಪಾಲು ಉಳಿಯಿತು. ಫಾರ್ಮ್ಯಾಟ್ ಬೇಡ, ವಿಂಡೋಸ್‌ನ ಡಿಸ್ಕ್ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಬೇಡ, ಮೊದಲು ಇಡೀ ಡಿಸ್ಕ್‌ನ ನಕಲು ತೆಗೆಯಿರಿ ಎಂದವರಿಗೆ ಮನಸಾರೆ ಧನ್ಯವಾದ.

ಕೇಬಲ್ ಬದಲಿಸಿದರೂ ಸಂಪರ್ಕ ತಪ್ಪುತ್ತಿತ್ತು. ಹೊರಕವಚ ಬಿಚ್ಚಿ ಡಿಸ್ಕ್ ಅನ್ನು ನೇರವಾಗಿ ಸಾಟಾ ಕೇಬಲ್‌ಗೆ (ಕಂಪ್ಯೂಟರ್ ಒಳಗಿನ ಡಿಸ್ಕ್‌ಗಳನ್ನು ಜೋಡಿಸುವ ಕೇಬಲ್) ಜೋಡಿಸಿದ ಮೇಲೆ ಸಂಪರ್ಕ ತಪ್ಪುವುದು ನಿಂತಿತು. ಎಲ್ಲ ಮಾದರಿಗಳಲ್ಲೂ ಇದು ಆಗದು: ಕೆಲವದರಲ್ಲಿ ಯುಎಸ್‌ಬಿ ಕಿಂಡಿ ಡಿಸ್ಕ್‌ನ ಬೋರ್ಡಿಗೇ ಬೆಸೆದಿರುತ್ತದೆ, ಇನ್ನು ಕೆಲವದರಲ್ಲಿ ಯುಎಸ್‌ಬಿ ಬೋರ್ಡೇ ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುತ್ತದೆ.

ನಿಜವಾದ ಕೆಲಸ ಮಾಡಿದ್ದು ಲಿನಕ್ಸ್‌ನ ಡಿಡಿರೆಸ್ಕ್ಯೂ, ಕೆಟ್ಟ ಡಿಸ್ಕ್‌ನ ನಕಲು ತೆಗೆಯುವ ತಂತ್ರಾಂಶ. ಅದು ಮೊದಲು ಸುಲಭವಾಗಿ ಓದಲಾಗುವ ಭಾಗಗಳನ್ನೆಲ್ಲ ಎತ್ತಿಕೊಂಡು, ಕೆಟ್ಟ ಸೆಕ್ಟರ್‌ಗಳಿಗೆ (ಡಿಸ್ಕ್‌ನ ಪುಟ್ಟ ತುಣುಕುಗಳು) ಆಮೇಲೆ ಕೈ ಹಾಕುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ನಡುವೆ ಡಿಸ್ಕ್ ಸ್ತಬ್ಧವಾದಾಗ ವಿದ್ಯುತ್ ತೆಗೆದು, ಮತ್ತೆ ಕೊಟ್ಟು, ನಿಂತಲ್ಲಿಂದಲೇ ಮುಂದುವರಿಸಿದೆ. ಈ ಫೈಲ್ ಇಲ್ಲದಿದ್ದರೆ ಸೋಲುತ್ತಿರುವ ಡಿಸ್ಕ್ ಅನ್ನು ಮೊದಲಿನಿಂದ ಓದಿಸಬೇಕಾಗುತ್ತಿತ್ತು.

ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಎಂಬ ಫೈಲ್ ಮರಳಿ ಪಡೆಯುವ ತಂತ್ರಾಂಶ ಓಡಿಸಿದಾಗ ಫೋಲ್ಡರ್‌ಗಳು ಹೆಸರು ಸಮೇತ ಕಾಣಿಸಿದವು. ಉಳಿದುದಕ್ಕೆ ಅಂಥದ್ದೇ ಇನ್ನೊಂದು ತಂತ್ರಾಂಶ ಫೋಟೊರೆಕ್, ಅದು ಹೊರತೆಗೆದ ಫೈಲ್‌ಗಳಿಗೆ ಹಳೆಯ ಹೆಸರು ಇರುವುದಿಲ್ಲ. ಕೆಲವು ಚಿತ್ರಗಳಲ್ಲಿ ಮುಖದವರೆಗೆ ಸರಿಯಿದ್ದು, ಕೆಳಗೆಲ್ಲ ಬೂದು ಪಟ್ಟಿ. ನನಗೆ ಅಷ್ಟೂ ಅಮೂಲ್ಯ.

ಡಿಸ್ಕ್ ‘ಟಕ್ ಟಕ್’ ಎನ್ನುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡಿ. ತಕ್ಷಣ ವಿದ್ಯುತ್ ತೆಗೆದು ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯಕ್ಕೆ ಕೊಡಿ. ದತ್ತಾಂಶ ಓದುವ ಹೆಡ್ ಕೆಟ್ಟಿದ್ದರೆ ಓಡಿಸಿದಷ್ಟೂ ದತ್ತಾಂಶವಿರುವ ತಟ್ಟೆಗಳು ಗೀಚಿಹೋಗಬಹುದು.

ಅರ್ಧಕ್ಕೆ ತುಂಡಾದ ಕೆಲವು ವಿಡಿಯೊಗಳು ಇನ್ನೂ ತೆರೆದಿಲ್ಲ. ಅದೇ ಕ್ಯಾಮೆರಾದ ಸರಿಯಿರುವ ವಿಡಿಯೊವನ್ನು ಮಾದರಿಯಾಗಿ ಕೊಟ್ಟು, ಕೆಟ್ಟ ವಿಡಿಯೊ ಸರಿಪಡಿಸುವ ಅನ್‌ಟ್ರಂಕ್ ತಂತ್ರಾಂಶದಿಂದ ಈಗ ಪ್ರಯತ್ನಿಸುತ್ತಿದ್ದೇನೆ.