ವರ್ಟಸ್ ಜಿಟಿಗೆ ಹೊಸ ಟೈರ್: 16ರಲ್ಲೇ ಇರಲಾ, 17ಕ್ಕೆ ಹೋಗಲಾ? ಗಾಳಿ ಎಷ್ಟು ಹಾಕಿಸಲಿ?

ಶಿರಾಡಿ_ಸವಾರ

ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ 1.5 ಕಾರು, 43 ಸಾವಿರ ಕಿಲೋಮೀಟರ್ ಓಡಿದೆ. ಕಾರಿನ ಜೊತೆ ಬಂದ 205/55 ಆರ್16 ಟೈರುಗಳು ನಾಲ್ಕೂ ಸವೆದಿವೆ, ಅದರಲ್ಲೂ ನಡುಭಾಗ ಜಾಸ್ತಿ. ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಮಂಗಳೂರಿಗೆ ಶಿರಾಡಿ ಮೇಲೆ ಹೋಗಿ ಬರುತ್ತೇನೆ. ಹೆಚ್ಚಾಗಿ ಒಬ್ಬನೇ, ಹಬ್ಬಕ್ಕೆ ಮಾತ್ರ ಮನೆಯವರೆಲ್ಲ, ಡಿಕ್ಕಿ ತುಂಬ ಸಾಮಾನು.

ಹೇಗೂ ಟೈರ್ ಬದಲಿಸಲೇಬೇಕು, 17 ಇಂಚಿನ ಅಲಾಯ್ ಚಕ್ರ ಹಾಕಿಸಿಬಿಡೋಣ ಅಂತ ಆಸೆ. ಅಂಗಡಿಯವರು 215/50 ಹೇಳುತ್ತಾರೆ, ಗೆಳೆಯ 225/45 ಹೇಳುತ್ತಾನೆ. ಎರಡನೇ ಪ್ರಶ್ನೆ ಗಾಳಿಯದ್ದು. ಕಳೆದ ವರ್ಷ ಅಲೈನ್‌ಮೆಂಟ್ ಮಾಡಿಸಿದಾಗ ಅಲ್ಲಿನ ಹುಡುಗ "ಸ್ಪೀಡ್ ಹೋಗೋ ಗಾಡಿ ಸಾರ್, ಜಾಸ್ತಿ ಇರ್ಲಿ" ಅಂತ 40 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಹಾಕಿ ಕಳಿಸಿದ, ನಾನೂ ಅದನ್ನೇ ಮುಂದುವರಿಸಿದೆ. ಹೋದ ತಿಂಗಳು ಮಳೆಯಲ್ಲಿ ಗುಂಡ್ಯಕ್ಕೆ ಇಳಿಯುವ ಒಂದು ತಿರುವಿನಲ್ಲಿ, ವೇಗ 50 ಕೂಡ ಇರಲಿಲ್ಲ, ಮುಂದಿನ ಚಕ್ರ ಹಿಡಿತ ಬಿಟ್ಟು ಕಾರು ಒಂದು ಅಡಿ ಹೊರಗೆ ಜಾರಿತು. ಎದುರಿಗೆ ಟ್ಯಾಂಕರ್ ಬರುತ್ತಿತ್ತು. ಅದು ಇನ್ನೂ ಕಣ್ಣಿಂದ ಹೋಗಿಲ್ಲ, ಅದಕ್ಕೇ ಸರಿಯಾಗಿ ತಿಳಿದುಕೊಂಡು ಮಾಡೋಣ ಅಂತ ಕೇಳುತ್ತಿದ್ದೇನೆ.

ಲೆಕ್ಕದ_ಮೇಷ್ಟ್ರು

ಮೊದಲು ಸೈಜಿನ ಲೆಕ್ಕ. 205 ಅಂದರೆ ಮಿಲಿಮೀಟರ್‌ನಲ್ಲಿ ಅಗಲ. 55 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 55 ಪಾಲು, ಅಂದರೆ ಸುಮಾರು 113 ಮಿ.ಮೀ. ಮೇಲೆ ಕೆಳಗೆ ಎರಡು ಗೋಡೆ, ನಡುವೆ 16 ಇಂಚಿನ ರಿಮ್, ಕೂಡಿದರೆ ಒಟ್ಟು ಎತ್ತರ 632 ಮಿ.ಮೀ. ಹೊಸ ಟೈರ್ ಇದರ ಹತ್ತಿರ ಬರಬೇಕು. 225/45 ಆರ್17 ಆದರೆ 634, ವ್ಯತ್ಯಾಸ ನೂರಕ್ಕೆ ಅರ್ಧವೂ ಇಲ್ಲ. 205/50 ಆರ್17 ಆದರೆ 637, ಅದೂ ನಡೆಯುತ್ತದೆ. ನಿಮ್ಮ ಅಂಗಡಿಯವರು ಹೇಳಿದ 215/50 ಆರ್17 ಮಾತ್ರ 647 ಆಗುತ್ತದೆ, ಎರಡೂವರೆ ಪರ್ಸೆಂಟ್ ಹತ್ತಿರ ದೊಡ್ಡದು. ಮೀಟರ್ ತಪ್ಪು ತೋರಿಸುತ್ತದೆ, ಪಿಕಪ್ ಕೂಡ ಸ್ವಲ್ಪ ಮಂದ ಆಗುತ್ತದೆ. ಅದು ಬೇಡ.

ಆದರೆ ಸೈಜ್ ಹೊಂದಿದರೆ ಸಾಲದು. ಈಗಿರುವ ಟೈರಿನ ಮೇಲೆ 91ವಿ ಅಂತ ಇದ್ದರೆ, 91 ಅಂದರೆ ಒಂದು ಟೈರ್ 615 ಕೆಜಿ ಹೊರುತ್ತದೆ ಅಂತ, ವಿ ಅಂದರೆ 240 ಕಿ.ಮೀ. ವೇಗದ ಮಿತಿ. 205/50 ಆರ್17ರಲ್ಲಿ ಸಾದಾ ಟೈರ್ 89 ಬರುತ್ತದೆ, 580 ಕೆಜಿ ಅಷ್ಟೇ. ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ ಬಗೆ) ಅಂತ ಬರೆದಿರುವ 93 ಕೇಳಿ ತೆಗೆದುಕೊಳ್ಳಿ. ಇದನ್ನು ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಕುಡ್ಲದ_ಜಿಟಿ

ನಾನು 225/45 ಆರ್17 ಹಾಕಿ ಎರಡು ವರ್ಷ ಆಯಿತು. ಅಷ್ಟು ಅಗಲಕ್ಕೆ ರಿಮ್ ಕನಿಷ್ಠ 7 ಇಂಚು ಅಗಲ ಇರಬೇಕು, ಬೋಲ್ಟ್ 5x100 (100 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟ್), ನಡುವಿನ ತೂತು 57.1 ಮಿ.ಮೀ. ತೂತು ದೊಡ್ಡದಿರುವ ಅಲಾಯ್ ಕೊಟ್ಟರೆ ಹಬ್ ರಿಂಗ್ (ಆ ಸಂದು ತುಂಬುವ ಬಳೆ) ಹಾಕಿಸದೆ ಹೊರಡಬೇಡಿ, ನನಗೆ 90 ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು, ಬ್ಯಾಲೆನ್ಸಿಂಗ್ ಮೂರು ಸಲ ಮಾಡಿಸಿದೆ, ಕೊನೆಗೆ ನೋಡಿದರೆ ಅದೇ ಕಾರಣ. ಒಣ ರಸ್ತೆಯಲ್ಲಿ ತಿರುವು ಹಿಡಿಯುವ ಖುಷಿಯೇ ಬೇರೆ, ಅದು ನಿಜ.

ಆದರೂ ನಿಮಗೆ ನಾನು 16 ಅಂತಲೇ ಹೇಳುತ್ತೇನೆ. ನಿಮ್ಮ ಭಯ ಮಳೆಯದ್ದು. ಅಗಲ ಜಾಸ್ತಿ ಆದಷ್ಟೂ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ, ಅಗಲ ಕಡಿಮೆ ಇರುವ ಟೈರ್ ನೀರನ್ನು ಸೀಳಿಕೊಂಡು ಹೋಗುತ್ತದೆ. ಮೇಲಾಗಿ ಗೋಡೆ 11 ಮಿ.ಮೀ. ಕಡಿಮೆ ಆಗುತ್ತದೆ. ಹೋದ ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ನೀರು ತುಂಬಿದ ಗುಂಡಿ ಕಾಣದೆ ಇಳಿಸಿದೆ, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಗುಳ್ಳೆ ಬಂದ ಟೈರಿಗೆ ರಿಪೇರಿ ಇಲ್ಲ, ಎಸೆಯಬೇಕು. ಅಲಾಯ್ ದುಡ್ಡನ್ನು ಒಳ್ಳೆಯ ಟೈರಿಗೇ ಹಾಕಿ.

ಹಳೇ_ಗೇಜ್

ಗಾಳಿ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ಟೈರಿನ ನಡುಭಾಗ ಸವೆದಿದೆ ಅಂದಿರಲ್ಲ, ಅದೇ ಉತ್ತರ. 40 ಹಾಕಿದಾಗ ಟೈರ್ ಉಬ್ಬಿ ನಡುವಿನ ಪಟ್ಟಿಯ ಮೇಲೆ ನಿಲ್ಲುತ್ತದೆ. ನೀರನ್ನು ಹೊರಗೆ ತಳ್ಳುವ ಕಾಲುವೆಗಳು ಅಲ್ಲೇ ಮೊದಲು ಮಾಯವಾಗುತ್ತವೆ. ಗುಂಡ್ಯದಲ್ಲಿ ಜಾರಿದ್ದು ಇದರಿಂದಲೇ ಅನ್ನುವುದು ನನ್ನ ಅನಿಸಿಕೆ.

ಎಷ್ಟು ಹಾಕಬೇಕು ಅಂತ ನಿಮ್ಮ ಕಾರಿನ ಮೇಲೇ ಸ್ಟಿಕ್ಕರ್ ಇದೆ, ಪೆಟ್ರೋಲ್ ಮುಚ್ಚಳದ ಒಳಗೋ ಡ್ರೈವರ್ ಬಾಗಿಲ ಪಕ್ಕದಲ್ಲೋ ನೋಡಿ. ಇಬ್ಬರು ಕೂತಾಗ ಒಂದು ಲೆಕ್ಕ, ಕಾರು ತುಂಬಿದಾಗ ಒಂದು. ಹಬ್ಬಕ್ಕೆ ಹೊರಡುವ ದಿನ ಎರಡನೆಯದು. ಟೈರಿನ ಗೋಡೆಯ ಮೇಲೆ ಮ್ಯಾಕ್ಸ್ 51 ಅಂತ ಇದ್ದರೆ ಅದು ಟೈರ್ ತಡೆಯುವ ಮಿತಿ, ಹಾಕಬೇಕಾದ ಗಾಳಿ ಅಲ್ಲ. ಅಳೆಯುವುದು ಬೆಳಿಗ್ಗೆ ಕಾರು ತೆಗೆಯುವ ಮೊದಲು, ಅಥವಾ ಮೂರು ಗಂಟೆ ನಿಂತ ಮೇಲೆ. ಓಡಿಸಿ ಬಿಸಿಯಾದರೆ ಮೂರು ನಾಲ್ಕು ಪಿಎಸ್ಐ ಏರುವುದು ಸಹಜ, ಆಗ ಗಾಳಿ ಬಿಡಬೇಡಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮಂಗಳೂರಿಗೆ ಇಳಿದರೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ ಆಗಿ ಗೇಜ್ ಒಂದೂವರೆ ಕಡಿಮೆ ತೋರಿಸುತ್ತದೆ. ಆದರೆ ಅಲ್ಲಿ ಹತ್ತು ಡಿಗ್ರಿ ಸೆಕೆ ಜಾಸ್ತಿ ಇದ್ದರೆ ಅದರಿಂದ ಒಂದೂವರೆ ಏರುತ್ತದೆ. ಸರಿಹೋಯಿತು ಅಲ್ವಾ? ಘಾಟಿ ಇಳಿದ ತಕ್ಷಣ ಸುಮ್ನೆ ಗಾಳಿ ಹಾಕಿಸುತ್ತಾ ಕೂರಬೇಡಿ.

ಇನ್ನೊಂದು. ಟೈರಿನ ಅಗಲಕ್ಕೆ ಸೀಮೆಸುಣ್ಣದಿಂದ ಒಂದು ದಪ್ಪ ಗೆರೆ ಎಳೆದು, ಒಣ ರಸ್ತೆಯಲ್ಲಿ ನೇರವಾಗಿ ನೂರು ಅಡಿ ಹೋಗಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದರೆ ಕಡಿಮೆ.

ಶಿರಾಡಿ_ಸವಾರ

ಇವತ್ತು ಬೆಳಿಗ್ಗೆ ಆರಕ್ಕೇ ಗೇಜ್ ಹಿಡಿದು ಇಳಿದೆ. 41, 40, 38, 41. ಮಗಳ ಸೀಮೆಸುಣ್ಣ ತೆಗೆದುಕೊಂಡು ಗೆರೆ ಎಳೆದು ನಮ್ಮ ರಸ್ತೆಯ ತುದಿವರೆಗೆ ಹೋಗಿ ನೋಡಿದೆ, ನಡುವೆ ನಾಲ್ಕು ಬೆರಳಗಲ ಅಳಿಸಿತ್ತು, ಎರಡೂ ಅಂಚಿನಲ್ಲಿ ಬಿಳಿ ಹಾಗೇ ಉಳಿದಿತ್ತು. ಸ್ಟಿಕ್ಕರಿನ ಮೊದಲ ಲೆಕ್ಕಕ್ಕೆ ಇಳಿಸಿ ಮತ್ತೆ ಎಳೆದೆ, ಈ ಸಲ ಹೆಚ್ಚುಕಡಿಮೆ ಪೂರ್ತಿ ಹೋಯಿತು.

16ರಲ್ಲೇ ಇರುತ್ತೇನೆ, 205/55 91ವಿ, ಮಳೆಯಲ್ಲಿ ಹಿಡಿತ ಚೆನ್ನಾಗಿರುವುದು. ಶನಿವಾರ ಹಾಕಿಸುತ್ತೇನೆ, ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿ ನೋಡಿಯೇ. ಅಲ್ಲೂ 40 ತುಂಬಿಸಿ ಕಳಿಸಬಹುದು, ಅದಕ್ಕೆ ಗೇಜ್ ಈಗಲೇ ಡ್ಯಾಶ್‌ಬೋರ್ಡ್ ಒಳಗೆ ಹಾಕಿಟ್ಟಿದ್ದೇನೆ.