ಸಹಾಯ ಬೇಕು: ‘ಮಲೆಗಳಲ್ಲಿ ಮದುಮಗಳು’ ಆದಮೇಲೆ ಏನು ಓದಲಿ?

ಎಲ್ಲರಿಗೂ ನಮಸ್ಕಾರ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈಗಷ್ಟೇ ಮುಗಿಸಿದೆ. ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ಕಾಡು ದಾಟುವಾಗ ನಾನೂ ಹಿಂದೆಯೇ ನಡೆದ ಹಾಗಿತ್ತು. (ಹುಲಿಯನಿಗೆ ಕೊನೆಗೆ ಏನಾಯಿತು ಅಂತ ಹೇಳುವುದಿಲ್ಲ. ಓದದೇ ಇರುವವರು ಇರಬಹುದು, ಅಲ್ವಾ?) ಅದಾದಮೇಲೆ ಯಾವ ಕಾದಂಬರಿ ಹಿಡಿದರೂ ಹತ್ತಿಪ್ಪತ್ತು ಪುಟಕ್ಕೇ ಮನಸ್ಸು ಜಾರುತ್ತಿದೆ.

ಕಥೆ ಓಡಲೇಬೇಕು ಅಂತೇನಿಲ್ಲ. ಒಬ್ಬನೇ ನಾಯಕನ ಸುತ್ತ ಸುತ್ತದೆ ಆಳು, ಒಡೆಯ, ನಾಯಿ, ಮಳೆ ಎಲ್ಲಕ್ಕೂ ಜಾಗ ಇರಬೇಕು. ತೇಜಸ್ವಿಯವರ ‘ಕರ್ವಾಲೊ’ ಓದಿದ್ದೇನೆ. ತುಂಬಾ ಇಷ್ಟ, ಆದರೆ ಬೇಗ ಮುಗಿದುಹೋಯಿತು. ಈಗ ದಪ್ಪ ಪುಸ್ತಕವೇ ಬೇಕು. ಪತ್ತೇದಾರಿ ಬೇಡ. ಅನುವಾದವಾದರೂ ಸರಿ.

ಸುಮ್ನೆ ಹೆಸರಷ್ಟೇ ಹಾಕಬೇಡಿ. ನಿಮಗೆ ಯಾಕೆ ಹಿಡಿಸಿತು ಅಂತಲೂ ಒಂದೆರಡು ಸಾಲು ಬರೆಯುತ್ತೀರಾ?